ಜೀಪಿನೊಳಗೊಂದು ಹವಾ ಪಂಪು

ಮೈಸೂರು ಸೀಮೆಯವರು ಟಯರಿಗೆ ಗಾಳಿ ಹಾಕಿಸುತ್ತಾರೆ. ಹುಬ್ಬಳ್ಳಿಯವರಾದ ನಾವು ಹವಾ ತುಂಬಿಸುತ್ತೇವೆ. ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಸೈಕಲ್ಲು ತಳ್ಳಿಕೊಂಡು ಬೆಳೆದ ನಿಮಗೆಲ್ಲ “ಎಷ್ಟು ಪೌಂಡ್ ಹಾಕ್ಲಿರಿ?” ಎಂಬ ಪ್ರಶ್ನೆ ಪರಿಚಿತವೇ. ಆ ಪೌಂಡು ಗಾಳಿಯ ತೂಕವನ್ನು ಹೇಳುವುದಿಲ್ಲ, ಒಂದು ಚದರ ಅಂಗುಲದ ಮೇಲೆ ಅದು ಹಾಕುವ ಒತ್ತಡವನ್ನು ಹೇಳುತ್ತದೆ ಎಂದು ಒಂಬತ್ತನೆಯ ತರಗತಿಯಲ್ಲಿ ನಾನು ಪ್ರತಿವರ್ಷ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಕಳೆದ ಬೇಸಿಗೆಯಲ್ಲಿ ಆ ಪಾಠವನ್ನೆಲ್ಲ ಒಂದು ಜೀಪಿನೊಳಗೆ ಕೂಡಿಸುವ ಸಂದರ್ಭ ಬಂತು. ಬಂಧುಗಳಲ್ಲಿ ಹಲವರು ಫೋನಿನಲ್ಲಿ ಕೇಳಿದ್ದರಿಂದ ಇಲ್ಲಿಯೇ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗ ಜೋಯಿಡಾ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದಾನೆ. ಕಾಳಿ ನದಿಗೆ ಸೂಪಾ ಆಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆಯಿರುವ ಪ್ರದೇಶ ಅದು. ತೋಟದಿಂದ ಡಾಂಬರು ರಸ್ತೆಗೆ ಐದು ಕಿಲೋಮೀಟರು ಕೆಂಪು ಮಣ್ಣಿನ ದಾರಿ; ನಡುವೆ ಎರಡು ಹಳ್ಳ. ಮೃಗಶಿರಾ ಮಳೆ ಹಿಡಿಯಿತೆಂದರೆ ಆ ದಾರಿ ಹದವಾಗಿ ಕಲಸಿದ ಕುಂಬಾರನ ಮಣ್ಣಾಗುತ್ತದೆ. ಆದ್ದರಿಂದ ಅವನ ಬಳಿ ನಾಲ್ಕೂ ಚಕ್ರ ಎಳೆಯುವ ಮಹೀಂದ್ರ ಥಾರ್ ಇದೆ. ಮನೆಯವರ ಬಾಯಲ್ಲಿ ಅದು ಬರೀ “ಜೀಪು.”

ಕೆಸರಿನಲ್ಲಿ ಹೋಗುವಾಗ ಅವನು ಟಯರಿನ ಹವಾ ಇಳಿಸುತ್ತಾನೆ. ಇದನ್ನು ಕೇಳಿ ನಮ್ಮ ಮನೆಯ ಹೆಣ್ಣುಮಕ್ಕಳು ನಕ್ಕದ್ದುಂಟು. ಆದರೆ ಲೆಕ್ಕ ಸರಳವಾಗಿದೆ. ಒಂದು ಚಕ್ರದ ಮೇಲೆ ೪೦೦ ಕಿಲೋ ಭಾರ ಬೀಳುತ್ತದೆಂದು ಇಟ್ಟುಕೊಳ್ಳಿ. ಟಯರಿನಲ್ಲಿ ೩೦ ಪೌಂಡು ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ೨.೧ ಕಿಲೋ, ಅದು ನೆಲವನ್ನು ಸುಮಾರು ೧೯೦ ಚದರ ಸೆಂಟಿಮೀಟರಿನಷ್ಟು ಮುಟ್ಟುತ್ತದೆ. ೧೮ ಪೌಂಡಿಗೆ ಇಳಿಸಿದರೆ ಮುಟ್ಟುವ ಜಾಗ ೩೧೫ಕ್ಕೆ ಏರುತ್ತದೆ. ರಬ್ಬರಿನ ಬಿಗಿತವನ್ನು ಬಿಟ್ಟು ಹೇಳಿದ ಅಂದಾಜು ಇದು, ಆದರೂ ತತ್ತ್ವ ಹೀಗೆಯೇ. ಒಂಟೆಯ ಪಾದ ಮರಳಿನಲ್ಲಿ ಹರಡಿಕೊಳ್ಳುವಂತೆ ಟಯರು ಕೆಸರಿನ ಮೇಲೆ ಹರಡಿಕೊಳ್ಳುತ್ತದೆ.

ತೊಂದರೆ ಬರುವುದು ಡಾಂಬರು ಮುಟ್ಟಿದ ಮೇಲೆ. ಹವಾ ಕಡಿಮೆಯಿರುವ ಟಯರಿನ ಪಕ್ಕೆಗಳು ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತವೆ. ವೇಗ ಹೆಚ್ಚಿದರೆ ಒಡೆಯಬಹುದು, ತಿರುವಿನಲ್ಲಿ ರಿಮ್ಮನ್ನೇ ಬಿಟ್ಟು ಹೊರಬರಬಹುದು. ಇಳಿಸಿದ ಹವಾವನ್ನು ಮತ್ತೆ ತುಂಬಿಸಲೇಬೇಕು. ಅಲ್ಲಿ ಪಂಕ್ಚರ್ ಅಂಗಡಿ ಇರುವುದು ಬಹಳ ದೂರದಲ್ಲಿ, ಅದೂ ಹಗಲಿನಲ್ಲಿ.

ಎರಡು ವರ್ಷದ ಹಿಂದೆ ಆಷಾಢದ ಒಂದು ರಾತ್ರಿ ನನ್ನ ತಂಗಿಗೆ ಉಸಿರು ಕಟ್ಟಿಕೊಂಡಿತು. ಮೊದಲಿನಿಂದಲೂ ಅವಳಿಗೆ ಉಬ್ಬಸ. ಧಾರವಾಡದ ಆಸ್ಪತ್ರೆಗೆ ತರಬೇಕೆಂದು ಹೊರಟರು. ಹಳ್ಳ ದಾಟಿ ಡಾಂಬರಿಗೆ ಬಂದಾಗ ರಾತ್ರಿ ಒಂದೂವರೆ. ಮಗ ಮಳೆಯಲ್ಲಿ ನಿಂತು ಕಾಲಿನಿಂದ ತುಳಿಯುವ ಪಂಪಿನಲ್ಲಿ ನಾಲ್ಕೂ ಚಕ್ರಗಳಿಗೆ ಹವಾ ತುಂಬಿದ. ಮುಕ್ಕಾಲು ಗಂಟೆ ಹಿಡಿಯಿತು. ಸೊಸೆ ಹಿಂದಿನ ಸೀಟಿನಲ್ಲಿ ಅತ್ತೆಯ ಬೆನ್ನು ನೀವುತ್ತಿದ್ದಳು. ತಂಗಿ ಆ ಸಂಕಟದಲ್ಲೂ ಪಂಪಿನ ಸದ್ದನ್ನು ಎಣಿಸುತ್ತಿದ್ದಳಂತೆ: “ಒಂದ್ ಗಾಲಿಗೆ ಎರಡ್ನೂರಾ ಹತ್ತು, ಅಣ್ಣಾ. ಎಣಿಸ್ಕೋತ ಕುಂತರ ಮುಂದಿನ ಉಸರು ಬರ್ತದಂತ ಧೈರ್ಯ.” ಆಸ್ಪತ್ರೆ ಸೇರಿದಳು, ಗುಣವಾದಳು.

ಆ ಇನ್ನೂರಾ ಹತ್ತನ್ನು ನಾನು ಕಾಗದದ ಮೇಲೆ ಬರೆದು ನೋಡಿದೆ. ಮೇಷ್ಟರ ಚಟ, ಬಿಡದು. ಆ ಟಯರಿನ ಒಳಗೆ ಹಿಡಿಯುವುದು ಸುಮಾರು ೫೫ ಲೀಟರು. ವಾತಾವರಣದ ಒತ್ತಡ ೧೪.೭ ಪೌಂಡು, ನಮಗೆ ಏರಿಸಬೇಕಾದದ್ದು ೧೨ ಪೌಂಡು. ರಾಬರ್ಟ್ ಬಾಯ್ಲ್ ೧೬೬೨ರಲ್ಲಿ ಪ್ರಕಟಿಸಿದ ನಿಯಮದಂತೆ ಅದಕ್ಕೆ ಹೊರಗಿನ ಗಾಳಿ ೪೫ ಲೀಟರು ಬೇಕು. ಪಂಪು ಒಂದು ತುಳಿತಕ್ಕೆ ಕಾಲು ಲೀಟರು ತಳ್ಳಿದರೆ ೧೮೦ ತುಳಿತ. ಉಳಿದ ಮೂವತ್ತು ಸೋರಿಕೆಗೆ ಮತ್ತು ದಣಿದ ಕಾಲಿಗೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ತಂಗಿ ಮಾಡಿದ ಪ್ರಯೋಗ ಇದು. ನಾನು ಶಾಲೆಯಲ್ಲಿ ಮಾಡಿಸಿದ ಎಷ್ಟೋ ಪ್ರಯೋಗಗಳ ಉತ್ತರ ಇಷ್ಟು ಹತ್ತಿರ ಬಂದಿರಲಿಲ್ಲ.

ಜೀಪಿನಲ್ಲಿಯೇ ಖಾಯಂ ಆಗಿ ಕಂಪ್ರೆಸರ್ ಕೂಡಿಸುವುದೆಂದು ಅಳಿಯ ತೀರ್ಮಾನಿಸಿದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿ.ಬಿ. ರಸ್ತೆಯ ಕಡೆ ವಾಹನಗಳ ವೈರಿಂಗ್ ಕೆಲಸ ಮಾಡುತ್ತಾನೆ. ಹಿಂದಿನ ಬೆಂಚಿನ ಹುಡುಗ, ಕೈ ಮಾತ್ರ ಬಂಗಾರ. ಮೂವರೂ ಸೇರಿ ಎರಡು ಭಾನುವಾರ ಕೆಲಸ ಮಾಡಿದೆವು. ಮಾಡಿದವರು ಅವರಿಬ್ಬರು, ನನ್ನದು ಸ್ಟೂಲಿನ ಮೇಲೆ ಕುಳಿತು ಪ್ರಶ್ನೆ ಕೇಳುವ ಕೆಲಸ.

ಮೊದಲು ಜಾಗದ ಚರ್ಚೆ. ಬಾನೆಟ್ಟಿನ ಕೆಳಗೆ ಇಂಜಿನ್ನಿನ ಕಾವು. ಚಾಸಿಯ ಅಡಿಯಲ್ಲಿ ಹಳ್ಳದ ನೀರು. ಕೊನೆಗೆ ಮುಂದಿನ ಎಡ ಸೀಟಿನ ಕೆಳಗೆ ಕಂಪ್ರೆಸರ್, ಹಿಂದಿನ ಸೀಟಿನ ಬೆನ್ನಿಗೆ ನಾಲ್ಕು ಲೀಟರಿನ ಹವಾ ಟಾಕಿ ಎಂದಾಯಿತು. ಟಾಕಿಯಿಂದಲೇ ಎಲ್ಲ ಟಯರು ತುಂಬುತ್ತವೆ ಎಂಬ ಭ್ರಮೆ ಹಲವರಿಗಿದೆ. ೧೨೦ ಪೌಂಡು ತುಂಬಿದ ನಾಲ್ಕು ಲೀಟರಿನ ಟಾಕಿ ೩೦ಕ್ಕೆ ಇಳಿಯುವಷ್ಟರಲ್ಲಿ ಕೊಡುವುದು ಸುಮಾರು ೨೪ ಲೀಟರು ಗಾಳಿ; ಒಂದು ಟಯರಿಗೆ ಬೇಕಾದದ್ದರ ಅರ್ಧ. ಟಾಕಿ ಜೇಬಿನ ಚಿಲ್ಲರೆಯಿದ್ದಂತೆ; ಸಂಸಾರ ನಡೆಯುವುದು ಕಂಪ್ರೆಸರ್ ಎಂಬ ಸಂಬಳದಿಂದ. ನಮ್ಮದು ನಿಮಿಷಕ್ಕೆ ಸುಮಾರು ೪೦ ಲೀಟರಿನದು. ಎದುರು ಒತ್ತಡವಿದ್ದಾಗ ಅದಕ್ಕಿಂತ ಕಡಿಮೆ.

ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿದ್ದೀರಿ. ಇಲ್ಲಿ ಆ ಬಿಸಿ ಕೈ ಸುಡುವಷ್ಟಿರುತ್ತದೆ. ಆದ್ದರಿಂದ ಕಂಪ್ರೆಸರಿನಿಂದ ಹೊರಡುವ ಮೊದಲ ಕೊಳವೆ ಉಕ್ಕಿನ ಜಾಲರಿ ಹೆಣೆದದ್ದೇ ಆಗಬೇಕು, ಪ್ಲಾಸ್ಟಿಕ್ ನಡೆಯದು. ಅದರ ಮುಂದೆ ಟಾಕಿಯ ಹವಾ ಹಿಂದಕ್ಕೆ ಬಾರದಂತೆ ಒಮ್ಮುಖದ ವಾಲ್ವು.

ವಿದ್ಯುತ್ತಿನ ಕಡೆ ನಾನು ಹೆಚ್ಚು ಹಟ ಮಾಡಿದೆ. ೧೨ ವೋಲ್ಟಿನ ಈ ಮೋಟಾರು ೩೦ ಆಂಪಿಯರಿನಷ್ಟು ಎಳೆಯುತ್ತದೆ. ಆರು ಹೆಡ್‌ಲೈಟು ಒಟ್ಟಿಗೆ ಉರಿಸಿದಂತೆ. ಒಂದು ಚದರ ಮಿಲಿಮೀಟರು ದಪ್ಪದ ಮೂರು ಮೀಟರು ತಾಮ್ರದ ತಂತಿ ಹಾಕಿದರೆ ಒಂದೂವರೆ ವೋಲ್ಟು ದಾರಿಯಲ್ಲೇ ಹೋಗುತ್ತದೆ, ೪೫ ವ್ಯಾಟಿನ ಶಾಖವಾಗಿ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಗೂ ಅಷ್ಟೇ ಶಾಖ! ನಾವು ಹತ್ತು ಚದರ ಮಿಲಿಮೀಟರಿನದು ಹಾಕಿದೆವು. ೪೦ ಆಂಪಿಯರಿನ ಫ್ಯೂಜನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಟ್ಟೆವು. ತಂತಿ ತಗಡಿನ ತೂತಿನಲ್ಲಿ ಉಜ್ಜಿ ಮೈಗೆ ತಾಗಿದರೆ ಬೆಂಕಿ. ದೂರದಲ್ಲಿ ಫ್ಯೂಜಿದ್ದರೆ ಅದಕ್ಕಿಂತ ಹಿಂದಿನ ತಂತಿಯನ್ನು ಅದು ಕಾಯಲಾರದು. ತೂತಿಗೆ ರಬ್ಬರಿನ ಬಳೆ ಕೂಡಿಸಿದ್ದು ನನ್ನ ವಿದ್ಯಾರ್ಥಿ, ನಾನು ಹೇಳುವ ಮೊದಲೇ.

ಭಿನ್ನಾಭಿಪ್ರಾಯ ಬಂದದ್ದು ಒಂದೇ ಕಡೆ. ಟಾಕಿಯ ಒತ್ತಡ ೯೦ ಪೌಂಡಿಗಿಂತ ಇಳಿದರೆ ಕಂಪ್ರೆಸರನ್ನು ಚಾಲೂ ಮಾಡಿ, ೧೨೦ಕ್ಕೆ ಬಂದ್ ಮಾಡುವ ಸ್ವಿಚ್ಚು ಇದೆ. “ಸರ್, ಸ್ವಿಚ್ ತಾನ ಬಂದ್ ಮಾಡ್ತೈತ್ರಿ. ಮ್ಯಾಲೆ ಮತ್ತ ಸೇಫ್ಟಿ ವಾಲ್ವ್ ಯಾಕ್ರಿ? ಹವಾ ಸೋರೂದಕ್ಕ ಇನ್ನೊಂದು ಜಾಗಾ ಆಗ್ತೈತಿ” ಎಂದ. ಅವನ ಮಾತಿನಲ್ಲಿ ಅನುಭವವಿತ್ತು. ಪ್ರತಿ ಜೋಡಣೆಯೂ ಸೋರುವ ಜಾಗವೇ. ನಾನು ಕೇಳಿದೆ: “ತಮ್ಮಾ, ಆ ಸ್ವಿಚ್ಚು ನೇರ ಮೋಟಾರಿಗೆ ಹೋಗೇತೇನು?” “ಇಲ್ರಿ, ರಿಲೇಕ್ಕ.” “ರಿಲೇದ ಪಾಯಿಂಟು ಕಿಡಿ ಹಾರಿ ಅಂಟಿಕೊಂಡರ?” ಅವನು ಸುಮ್ಮನಾದ. ಸ್ವಿಚ್ಚು ಎಷ್ಟೇ ಸಾರಿ ಬಂದ್ ಎಂದರೂ ಆಗ ಮೋಟಾರು ನಿಲ್ಲುವುದಿಲ್ಲ. ೧೨೦ ಪೌಂಡಿನಲ್ಲಿಯೇ ಟಾಕಿಯ ಒಳಗೋಡೆಯ ಮೇಲೆ ಅಂಗೈಯಷ್ಟು ಜಾಗಕ್ಕೆ ಎಂಟುನೂರು ಕಿಲೋ ಮೀರಿದ ಒತ್ತು ಇರುತ್ತದೆ, ಮತ್ತು ಆ ಟಾಕಿ ಇರುವುದು ನನ್ನ ತಂಗಿಯ ಬೆನ್ನ ಹಿಂದೆ. ೧೫೦ಕ್ಕೆ ತೆರೆದುಕೊಳ್ಳುವ ವಾಲ್ವು ಬಂತು. ಅದಕ್ಕೆ ಕರೆಂಟು ಬೇಡ. ಒಂದು ಸ್ಪ್ರಿಂಗು, ಒಂದು ಗುಂಡು, ಅಷ್ಟೇ.

ನಮ್ಮೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರಿಗೆ ಇದು ಹೊಸದಲ್ಲ. ವೆಸ್ಟಿಂಗ್‌ಹೌಸ್ ೧೮೬೯ರಲ್ಲಿ ರೈಲಿಗೆ ಹವಾ ಬ್ರೇಕು ತಂದಾಗ ಕೊಳವೆ ಕಿತ್ತರೆ ಬ್ರೇಕೇ ಇರುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅವನು ಅದನ್ನು ತಿರುಗಿಸಿ, ಹವಾ ಹೋದರೆ ಬ್ರೇಕು ತಾನಾಗಿ ಹಿಡಿಯುವಂತೆ ಮಾಡಿದ. ಕೆಡುವುದಿದ್ದರೆ ಯಾವ ಕಡೆಗೆ ಕೆಡಬೇಕೆಂದು ಮೊದಲೇ ಯೋಚಿಸುವುದರಲ್ಲಿ ನಾನು ಮೆಚ್ಚುವ ಬುದ್ಧಿಯಿದೆ.

ಎಲ್ಲ ಜೋಡಣೆಗಳಿಗೂ ಸಾಬೂನಿನ ನೊರೆ ಹಚ್ಚಿ ನೋಡಿದೆವು. ಎರಡು ಕಡೆ ಗುಳ್ಳೆ ಬಂದವು. ಬಿಚ್ಚಿ, ಬಿಳಿ ಟೇಪು ಸುತ್ತಿ ಬಿಗಿದರು. ಇಂಜಿನ್ನು ಚಾಲೂ ಇಟ್ಟುಕೊಂಡೇ ಪರೀಕ್ಷೆ. ಇಲ್ಲವಾದರೆ ಬ್ಯಾಟರಿ ಸೊರಗುತ್ತದೆ. ಕೊಳವೆಯನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಎಳೆದಾಡುವ ಹೊತ್ತೂ ಸೇರಿ ನಾಲ್ಕು ಟಯರಿಗೆ ಹತ್ತು ನಿಮಿಷ ಹಿಡಿಯಿತು. ಸದ್ದು ಮಾತ್ರ ಹಿಟ್ಟಿನ ಗಿರಣಿಯದೇ. ತಂಗಿಗೆ ತೋರಿಸಿದಾಗ ಅವಳು, “ಇದನ್ನ ಎಣಸ್ಲಿಕ್ಕೆ ಆಗೂದಿಲ್ಲ ಬಿಡು” ಎಂದು ನಕ್ಕಳು.

ಇನ್ನೊಂದು ಮಾತು ಉಳಿದಿದೆ. ಜೋಯಿಡಾದ ಮಳೆಗಾಲದ ಗಾಳಿಯೆಂದರೆ ಅರ್ಧ ನೀರೇ ಅನ್ನಿ. ಅದನ್ನು ಎಂಟೊಂಬತ್ತು ಪಟ್ಟು ಒತ್ತಿ ತಣಿಸಿದಾಗ ಆವಿ ನೀರಾಗಿ ಟಾಕಿಯ ತಳದಲ್ಲಿ ನಿಲ್ಲುತ್ತದೆ, ಒಳಗಿನಿಂದ ತುಕ್ಕು ಹಿಡಿಸುತ್ತದೆ. ತಳದಲ್ಲೊಂದು ಪುಟ್ಟ ನಲ್ಲಿಯಿದೆ, ಪ್ರತಿ ವಾರ ತೆರೆಯಬೇಕು. ಕಳೆದ ಶ್ರಾವಣದಲ್ಲಿ ಮೊದಲ ಸಾರಿ ತೆರೆದಾಗ ಕಂದು ಬಣ್ಣದ ನೀರು ಒಂದು ಚಹಾ ಕಪ್ಪಿನ ತಳ ಮುಚ್ಚುವಷ್ಟು ಬಂತಂತೆ. ಈಗ ಸುತ್ತಲ ಮನೆಗಳ ಬೈಕು, ಸೈಕಲ್ಲುಗಳೂ ಅವನ ಅಂಗಳಕ್ಕೇ ಹವಾಕ್ಕೆ ಬರುತ್ತವೆ. ಭಾನುವಾರ ಸಂಜೆ ಅವನು ಫೋನು ಮಾಡುತ್ತಾನೆ, ಕ್ಷೇಮಸಮಾಚಾರಕ್ಕೂ ಮೊದಲು ನಾನು ಕೇಳುವುದಕ್ಕೆ ಮುಂಚೆಯೇ ಹೇಳಿಬಿಡುತ್ತಾನೆ: “ಮಾಮಾ, ನೀರು ತೆಗದೇನಿ.”