ಏಕಾಂತ ಗಾಯಕನ ಸಹಪಾಠಿಗಳು

ಸಂಗೀತವನ್ನು ಕುರಿತು ಬರೆಯುವ ಅಧಿಕಾರ ನನಗೆ ಅಷ್ಟಾಗಿ ಇಲ್ಲ. ನಾನು ವ್ಯಾಕರಣವನ್ನು ಓದಿದವನು, ಸಂಗೀತವನ್ನು ಕೇಳಿದವನು. ಓದಿದುದಕ್ಕೂ ಕೇಳಿದುದಕ್ಕೂ ಇರುವ ಅಂತರವನ್ನು ಬಲ್ಲವರು ಬಲ್ಲರು. ಆದರೆ ವಿದ್ಯೆಯು ಒಬ್ಬರಿಂದ ಒಬ್ಬರಿಗೆ ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆ ಮಾತ್ರ, ಆಯುಷ್ಯದ ಅರ್ಧಭಾಗವನ್ನು ಪಾಠ ಹೇಳುತ್ತ ಕಳೆದವನಿಗೆ ಪರಕೀಯವಾದದ್ದಲ್ಲ. ಈಚೆಗೆ ಕೆಲವು ತಿಂಗಳಿಂದ ಒಬ್ಬ ಆಂಗ್ಲ ಯುವಕನ ಸಂಗೀತವ್ಯವಸಾಯವನ್ನು ಗಮನಿಸುತ್ತ ಬಂದಿದ್ದೇನೆ. ಅದರಿಂದ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಜೇಕಬ್ ಕಾಲಿಯರ್ ಎಂಬಾತನು 1994ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಆ ನಗರದ ಉತ್ತರಭಾಗದ ಫಿಂಚ್ಲಿ ಎಂಬಲ್ಲಿ ಆತನ ಮನೆ. ಮನೆಯಲ್ಲಿ ವಾದ್ಯಗಳಿಂದ ತುಂಬಿದ ಒಂದು ಕೋಣೆ. 2011ರ ಸುಮಾರಿನಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಆತನು ಆ ಕೋಣೆಯಲ್ಲಿ ಒಬ್ಬನೇ ಕುಳಿತು ಹಾಡಿ, ಹಾಡಿದುದನ್ನು ಯೂಟ್ಯೂಬಿನಲ್ಲಿ ಲೋಕದ ಮುಂದಿಡುವುದಕ್ಕೆ ಮೊದಲುಮಾಡಿದನು. ಆತನ ಕ್ರಮ ಹೀಗೆ: ಮೊದಲು ಒಂದು ಧ್ವನಿಯನ್ನು ಹಾಡಿ ಮುದ್ರಿಸಿಕೊಳ್ಳುವುದು, ಅದನ್ನು ಕಿವಿಯಲ್ಲಿ ಕೇಳುತ್ತ ಎರಡನೆಯ ಧ್ವನಿಯನ್ನು ಹಾಡುವುದು, ಆ ಎರಡನ್ನೂ ಕೇಳುತ್ತ ಮೂರನೆಯದನ್ನು, ಹೀಗೆಯೇ ಮುಂದುವರಿದು, ಕಡೆಗೆ ಎಲ್ಲವನ್ನೂ ಒಟ್ಟಿಗೆ ಕೇಳಿಸುವುದು. ತೆರೆಯ ಮೇಲೆ ಚೌಕಚೌಕವಾಗಿ ಅದೇ ಮುಖ. ಒಂದೊಂದು ಚೌಕದಲ್ಲಿ ಒಂದೊಂದು ಧ್ವನಿ. ರಾವಣನು ಹತ್ತು ತಲೆಗಳಿಂದ ಸಾಮಗಾನ ಮಾಡಿದನೆಂದು ಕೇಳಿದ್ದೇವೆ. ಆ ಹತ್ತು ಬಾಯಿಗಳೂ ಒಂದೇ ಸ್ವರವನ್ನು ಹಾಡಿದವೋ ಬೇರೆ ಬೇರೆ ಸ್ವರಗಳನ್ನೋ ಎಂಬುದನ್ನು ನಾನು ಕೇಳಿದ ಪುರಾಣಿಕರು ಯಾರೂ ಹೇಳಲಿಲ್ಲ. ಈ ಯುವಕನ ಬಾಯಿಗಳು ಮಾತ್ರ ಬೇರೆ ಬೇರೆ ಸ್ವರಗಳನ್ನೇ ಹಾಡುತ್ತವೆ. ನಮ್ಮದು ಒಂದು ಸ್ವರದ ಬೆನ್ನಿಗೆ ಇನ್ನೊಂದು ಸ್ವರ ನಡೆಯುವ ಸಂಗೀತ. ಅವರದು ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನಿಲ್ಲುವ ಹಾರ್ಮನಿ. ನನ್ನ ಕಿವಿಗೆ ಅದರಲ್ಲಿ ಈಗಲೂ ಸ್ವಲ್ಪ ಗದ್ದಲ ಹೆಚ್ಚು. ಆದರೆ ಆತನ ಸ್ವರಶುದ್ಧಿಯ ವಿಷಯದಲ್ಲಿ ಯಾರೂ ಎರಡು ಮಾತನಾಡುವಂತಿಲ್ಲ.

2013ರಲ್ಲಿ ಸ್ಟೀವಿ ವಂಡರನ ಗೀತವೊಂದನ್ನು ಆತನು ಹೀಗೆ ಹಾಡಿಟ್ಟುದು ಅಮೆರಿಕದ ಪ್ರಸಿದ್ಧ ಸಂಗೀತಸಂಯೋಜಕ ಕ್ವಿನ್ಸಿ ಜೋನ್ಸನ ಕಿವಿಗೆ ಬಿತ್ತು. 2016ರಲ್ಲಿ 'ಇನ್ ಮೈ ರೂಮ್' ಎಂಬ ಆತನ ಮೊದಲನೆಯ ಧ್ವನಿಸಂಪುಟ ಹೊರಟಿತು. ಅದರ ಹಾಡುಗಾರಿಕೆ, ವಾದನ, ಮುದ್ರಣ ಎಲ್ಲವೂ ಆ ಕೋಣೆಯಲ್ಲಿ ಆತನೊಬ್ಬನಿಂದಲೇ ಆದುವು. ಮರುವರ್ಷ ಅದರೊಳಗಣ ಎರಡು ರಚನೆಗಳಿಗೆ ಗ್ರ್ಯಾಮಿ ಪಾರಿತೋಷಕಗಳು ಬಂದುವು. ಇಷ್ಟನ್ನು ಕೇಳಿದವರು, "ನೋಡಿ, ಗುರುವಿಲ್ಲ, ಸಭೆಯಿಲ್ಲ, ಕೋಣೆಯೊಳಗೆ ಕುಳಿತೇ ಗೆದ್ದನು" ಎಂದು ತಲೆದೂಗುವುದುಂಟು. ಈ ಮಾತು ನನಗೆ ಸಮ್ಮತವಲ್ಲ. ಆತನ ತಾಯಿ ಸೂಸಿ ಕಾಲಿಯರ್ ಪಿಟೀಲು ವಾದಕಿ, ವಾದ್ಯವೃಂದದ ನಿರ್ದೇಶಕಿ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ಕಿನಲ್ಲಿ ಪಾಠ ಹೇಳಿದವರು. ತಾಯಿಯ ತಂದೆಯೂ ಪಿಟೀಲು ವಿದ್ವಾಂಸರೇ. ತೊಟ್ಟಿಲಿನಲ್ಲಿರುವಾಗಲೇ ಶ್ರುತಿ ಕಿವಿಗೆ ಬಿದ್ದ ಮಗುವಿಗೆ ಗುರುವಿಲ್ಲವೆನ್ನುವುದು ಹೇಗೆ? ಆ ಕೋಣೆಯ ಬಾಗಿಲು ಮುಚ್ಚಿತ್ತೆಂಬುದು ನಿಜ; ಕೋಣೆ ಬರಿದಾಗಿರಲಿಲ್ಲ.

ವಿದ್ಯೆ ಎಲ್ಲಿಂದ ಬರುತ್ತದೆಂಬುದಕ್ಕೆ ನಮ್ಮ ಹಿರಿಯರು ಒಂದು ಲೆಕ್ಕವನ್ನು ಹಾಕಿಟ್ಟಿದ್ದಾರೆ. ಪಾಠಶಾಲೆಯ ಹೊಸ್ತಿಲು ತುಳಿದವರೆಲ್ಲರೂ ಅದನ್ನು ಬಲ್ಲರು. ಗುರು ಕೊಡುವುದು ನಾಲ್ಕರಲ್ಲಿ ಒಂದೇ ಪಾಲು. ಸ್ವಂತ ಬುದ್ಧಿಯದು ಒಂದು ಪಾಲು. ಜೊತೆಯಲ್ಲಿ ಓದುವವರದು ಒಂದು. ಮಿಕ್ಕದ್ದನ್ನು ಕಾಲವೇ ಕೊಡತಕ್ಕದ್ದು. ಬಾಲ್ಯದಲ್ಲಿ ಇದನ್ನು ಮೊದಲು ಕೇಳಿದಾಗ ನನಗೆ ಸೋಜಿಗವೆನಿಸಿದ್ದು ಆ ಮೂರನೆಯ ಪಾಲು. ಗುರುವಿಗೆಷ್ಟೋ, ಪಕ್ಕದಲ್ಲಿ ಕುಳಿತು ತೂಕಡಿಸುವ ಹುಡುಗನಿಗೂ ಅಷ್ಟೇ ಪಾಲೆ? ಆದರೆ ಬೆಳಗ್ಗೆ ಆಚಾರ್ಯರು ಹೇಳಿದ ಸೂತ್ರವನ್ನು ರಾತ್ರಿ ದೀಪದ ಮುಂದೆ ನಾಲ್ವರು ಕೂಡಿ ಚಿಂತನೆ ಮಾಡುವಾಗ ಆ ಪಾಲಿನ ಬೆಲೆ ತಿಳಿಯುತ್ತಿತ್ತು. ಗುರುವಿನ ಮುಂದೆ ಕೇಳಲು ನಾಚುವ ಸಂದೇಹವನ್ನು ಗೆಳೆಯನ ಮುಂದೆ ಕೇಳಬಹುದು. ಗುರುವಿನ ದಾಕ್ಷಿಣ್ಯಕ್ಕೆ ಮುಚ್ಚಿಹೋಗುವ ತಪ್ಪನ್ನು ಗೆಳೆಯನು ನಿರ್ದಾಕ್ಷಿಣ್ಯವಾಗಿ ಎತ್ತಿ ಹಿಡಿಯುತ್ತಾನೆ. ನಮ್ಮ ಗುಂಪಿನಲ್ಲಿ ರೂಪ ತಪ್ಪಿದವನ ಬೆರಳಿಗೆ ಹುಣಿಸೆಬರಲಿನ ಒಂದು ಏಟು ನಿಯತವಾಗಿತ್ತು. ಲಿಟ್ ಲಕಾರದಲ್ಲಿ ನಾನು ತಿಂದ ಏಟುಗಳ ಪುಣ್ಯದಿಂದಲೇ ಇಂದಿಗೂ ಆ ರೂಪಗಳು ನಿದ್ದೆಯಲ್ಲಿಯೂ ತಪ್ಪುವುದಿಲ್ಲ.

ಕೋಣೆಯೊಳಗೆ ಒಬ್ಬನೇ ಕುಳಿತ ಗಾಯಕನಿಗೆ ಗುರು ಮನೆಯಲ್ಲಿಯೇ ಇರಬಹುದು, ಬುದ್ಧಿಯೂ ಇರಬಹುದು. ಇಲ್ಲದಿರುವುದು ಈ ಸಹಪಾಠಿಗಳು. ಅಂತರ್ಜಾಲವು ಅವನಿಗೆ ತಂದುಕೊಟ್ಟುದು ಕೀರ್ತಿಯನ್ನೆಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡದಾಗಿ ತಂದುಕೊಟ್ಟುದು ಸಹಪಾಠಿಗಳನ್ನೆಂದು ನನ್ನ ಎಣಿಕೆ. 2015ರಲ್ಲಿ ಕಾಲಿಯರನು 'ಐಹಾರ್ಮ್‌ಯು' ಎಂಬ ಒಂದು ಏರ್ಪಾಟನ್ನು ಮಾಡಿದನು. ಬೇಕಾದವರು ತಾವು ಹಾಡಿದ ಒಂದು ಪುಟ್ಟ ಸ್ವರಪಂಕ್ತಿಯನ್ನು, ಕೆಲವೇ ಕ್ಷಣಗಳಷ್ಟು, ಮುದ್ರಿಸಿ ಆತನಿಗೆ ಕಳುಹಿಸಬಹುದು. ಆತನು ಅದರ ಸುತ್ತ ತನ್ನ ಹಲವು ಧ್ವನಿಗಳನ್ನು ಕಟ್ಟಿ, ಕಳುಹಿಸಿದವರ ಮುಖವನ್ನು ನಡುವೆ ಇಟ್ಟು, ಮತ್ತೆ ಲೋಕಕ್ಕೆ ತೋರಿಸುವನು. ಎಲ್ಲಿಯೋ ಒಬ್ಬರು ಅಡಿಗೆಯ ಮನೆಯಲ್ಲಿ ಗುನುಗಿದ ನಾಲ್ಕು ಸ್ವರಗಳು ಇನ್ನೆಲ್ಲಿಯೋ ಮಾಳಿಗೆಯಾಗಿ ಏಳುವುದನ್ನು ಕೇಳುವಾಗ, ಪೂರ್ವಪಕ್ಷವೊಂದಕ್ಕೆ ಸಮರ್ಥನು ಸಿದ್ಧಾಂತ ಹೇಳಿದಂತೆ ಸಂತೋಷವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ದೂರದಲ್ಲಿರುವ ಇಬ್ಬರು ಈ ಜಾಲದ ಮೂಲಕ ಒಟ್ಟಿಗೆ ಹಾಡುವುದು ಸುಲಭಸಾಧ್ಯವಲ್ಲ. ಧ್ವನಿಯು ಅಲ್ಲಿಂದಿಲ್ಲಿಗೆ ಬರುವುದಕ್ಕೆ ತಗಲುವ ಕಾಲ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಸುಮಾರು ಮೂವತ್ತನ್ನು ಮೀರಿದರೆ ಲಯವು ಸಡಿಲವಾಗುತ್ತದೆ; ಒಬ್ಬರ ತಾಳಕ್ಕೆ ಇನ್ನೊಬ್ಬರು ಕಾಯುತ್ತ ಕಾಯುತ್ತ ಹಾಡು ತೆವಳುತ್ತದೆ. ಆದುದರಿಂದ ಒಬ್ಬರು ಮೊದಲು ಹಾಡಿ ಮುಗಿಸಬೇಕು, ಇನ್ನೊಬ್ಬರು ಆಮೇಲೆ ಸೇರಿಸಬೇಕು. ಗುರುಗಳು ಒಮ್ಮೆ ಹೇಳಿ ನಿಲ್ಲಿಸಿ, ನಾವು ಎರಡು ಸಾರಿ ಹೇಳುತ್ತಿದ್ದ ವೇದಪಾಠದ ಕ್ರಮಕ್ಕೂ ಇದಕ್ಕೂ ಅಷ್ಟೇನೂ ದೂರವಿಲ್ಲ. ಮೊದಲು ಪೂರ್ತಿಯಾಗಿ ಕೇಳು, ಆಮೇಲೆ ಬಾಯಿ ಬಿಡು ಎಂಬ ನಿಯಮವನ್ನು ಆಚಾರ್ಯರು ಬೆತ್ತದಿಂದ ಕಲಿಸಿದರು. ಇಲ್ಲಿ ತಂತಿಯ ದೂರವೇ ಕಲಿಸುತ್ತದೆ.

ನನ್ನನ್ನು ಇನ್ನೂ ಹೆಚ್ಚಾಗಿ ಸೆಳೆದದ್ದು ಬೇರೊಂದು. ಆತನು ತನ್ನ ಕೃತಿಯನ್ನು ಕೇಳಿಸುವುದಷ್ಟೇ ಅಲ್ಲ, ಅದನ್ನು ಬಿಚ್ಚಿಯೂ ತೋರಿಸುತ್ತಾನೆ. 'ಮೂನ್ ರಿವರ್' ಎಂಬ ಹಳೆಯ ಗೀತಕ್ಕೆ 2019ರಲ್ಲಿ ಆತನು ಮಾಡಿದ ಸಂಯೋಜನೆಗೆ ಮರುವರ್ಷ ಗ್ರ್ಯಾಮಿ ಬಂದಿತು. ಇಂತಹ ರಚನೆಗಳನ್ನು ಕಂಪ್ಯೂಟರಿನ ತೆರೆಯ ಮೇಲೆ ಪದರಪದರವಾಗಿ ಹರಡಿ, ಈ ಧ್ವನಿ ಇಲ್ಲಿ ಏಕೆ ಬಂದಿತು, ಅದನ್ನು ತೆಗೆದರೆ ಏನಾಗುತ್ತದೆ ಎಂದು ಗಂಟೆಗಟ್ಟಲೆ ವಿವರಿಸುತ್ತಾನೆ. ಯಾರು ಬೇಕಾದರೂ ನೋಡಬಹುದು. ಇದನ್ನು ನೋಡುವಾಗ ನನಗೆ ನಮ್ಮ ಸೀಮೆಯ ಒಬ್ಬ ಹಿರಿಯ ವಿದ್ವಾಂಸರ ನೆನಪಾಗುತ್ತದೆ, ಹೆಸರು ಬೇಡ. ಅವರ ಬಳಿ ಅಪೂರ್ವವಾದ ಪಾಠಾಂತರಗಳಿದ್ದುವು, ಸ್ವಂತ ರಚನೆಗಳೂ ಇದ್ದುವು. ಕೇಳಿದವರಿಗೆ, "ಪಾತ್ರ ಸಿಕ್ಕಲಿ, ಹೇಳೋಣ" ಎನ್ನುತ್ತಿದ್ದರು. ಪಾತ್ರ ಸಿಕ್ಕಲಿಲ್ಲ. ಅವರು ಹೋದ ಮೇಲೆ ಮನೆಯವರು ಪೆಟ್ಟಿಗೆಯನ್ನು ತೆರೆದರೆ ಗೆದ್ದಲು ಮುಕ್ಕಾಲುಪಾಲನ್ನು ಓದಿ ಮುಗಿಸಿತ್ತು. ಅಪಾತ್ರದಾನದ ಭಯದಿಂದ ವಿದ್ಯೆಯನ್ನು ಬಚ್ಚಿಡುವವರ ಕಳವಳವನ್ನು ನಾನು ಅರಿಯೆನೆಂದಲ್ಲ. ಆದರೆ ಆ ಪೆಟ್ಟಿಗೆಯ ಮುಂದೆ ನಿಂತ ದಿವಸ ಆ ವಾದದಲ್ಲಿ ನನಗಿದ್ದ ಗೌರವ ಬಹುಮಟ್ಟಿಗೆ ಕುಗ್ಗಿತು.

ಹೊಟ್ಟೆಯ ಮಾತನ್ನೂ ಆಡಿಬಿಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ಶೇಷಣ್ಣನವರಿಗೂ ಬಿಡಾರಂ ಕೃಷ್ಣಪ್ಪನವರಿಗೂ ಅರಮನೆಯ ಆಶ್ರಯವಿದ್ದಿತು. ಆಶ್ರಯವಿಲ್ಲದ ಕಲೆ ಉಪವಾಸದ ವ್ರತ. 2013ರಲ್ಲಿ ಅಮೆರಿಕದ ಜ್ಯಾಕ್ ಕಾಂಟೆ ಎಂಬ ಸಂಗೀತಗಾರನು ಸ್ಯಾಮ್ ಯಾಮ್ ಎಂಬಾತನೊಡನೆ ಸೇರಿ 'ಪೇಟ್ರಿಯಾನ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಒಬ್ಬ ಅರಸನ ಬದಲು ಬಹುಮಂದಿ ಸಾಮಾನ್ಯರು ತಿಂಗಳಿಗೆ ಇಷ್ಟೆಂದು ಕೊಟ್ಟು ಕಲಾವಿದನನ್ನು ಸಲಹುವ ಏರ್ಪಾಟು ಅದು. ಕಾಲಿಯರನ ಆ ಸ್ವರಪಂಕ್ತಿಗಳ ವಿನಿಮಯವೂ ಅದರ ಮೂಲಕವೇ ನಡೆಯಿತು. ಅರಸನೊಬ್ಬನ ಕೋಪಕ್ಕೆ ಅಂಜುವುದಕ್ಕಿಂತ ಸಾವಿರ ಮಂದಿಯ ಬೇಸರಕ್ಕೆ ಅಂಜುವುದು ಮೇಲೋ ಅಲ್ಲವೋ, ಅನುಭವಿಗಳು ಹೇಳಬೇಕು.

ಈ ಮೈತ್ರಿಯ ಬಳ್ಳಿ ನಮ್ಮ ನಾಡಿಗೂ ಹಬ್ಬಿದೆ. ಬೆಂಗಳೂರಿನ ವಾರಿಜಶ್ರೀ ವೇಣುಗೋಪಾಲ್ ಅವರು ಕರ್ಣಾಟಕ ಸಂಗೀತದಲ್ಲಿ ನುರಿತ ಗಾಯಕಿ, ಕೊಳಲೂ ಅವರಿಗೆ ಒಲಿದಿದೆ. ಪಾಶ್ಚಾತ್ಯರ ಜಾಸ್ ಸಂಗೀತದ ಸ್ವರಗತಿಗಳನ್ನು ನಮ್ಮ ಸರಿಗಮಗಳಲ್ಲಿ ಹಾಡಿ ಇದೇ ಜಾಲದ ಮೂಲಕ ದೂರದೂರದವರ ಗಮನವನ್ನು ಸೆಳೆದವರು. 2024ರ ಫೆಬ್ರವರಿ 29ರಂದು ಹೊರಟ ಕಾಲಿಯರನ 'ಜೆಸ್ಸಿ' ಎಂಬ ಸಂಪುಟಮಾಲೆಯ ನಾಲ್ಕನೆಯದರಲ್ಲಿ, ಸಿತಾರ್ ವಾದಕಿ ಅನುಷ್ಕಾ ಶಂಕರರೊಡನೆ ಇವರ ಧ್ವನಿಯೂ ಇದೆ. ಆ ರಚನೆ ಗ್ರ್ಯಾಮಿಗೆ ನಾಮನಿರ್ದೇಶನವನ್ನೂ ಪಡೆಯಿತು. ಇವರ ಮನೆಯಲ್ಲಿಯೂ ಗುರುವಿನ ಪಾಲಿಗೆ ಕೊರತೆಯಿರಲಿಲ್ಲವೆಂಬುದನ್ನು ಗಮನಿಸಬೇಕು, ತಂದೆ ಹೆಚ್. ಎಸ್. ವೇಣುಗೋಪಾಲ್ ಅವರು ಕೊಳಲು ವಿದ್ವಾಂಸರು. ಹಾಗೆಯೇ ಆ ಸಂಪುಟಮಾಲೆಯ ಮೊದಲನೆಯದು 2018ರಲ್ಲಿ ಹೊರಟದ್ದು, ನಾಲ್ಕನೆಯದಕ್ಕೆ ಆರನೆಯ ವರ್ಷದವರೆಗೆ ಕಾಯಬೇಕಾಯಿತು. ಅವಸರವೇ ಉಸಿರಾಗಿರುವ ಈ ಜಾಲದಲ್ಲಿ ಇದ್ದುಕೊಂಡೂ ಕಾಲಕ್ಕೆ ಸಲ್ಲತಕ್ಕ ಪಾಲನ್ನು ಆತನು ಸಲ್ಲಿಸಿದ್ದಾನೆ.

ಮನೆಯಲ್ಲಿ ಗುರುವಿಲ್ಲದವರ ಗತಿಯೇನು? ನನ್ನನ್ನು ಕಾಡುವ ಪ್ರಶ್ನೆ ಇದು. ಇಂತಹ ಸಂದರ್ಭದಲ್ಲಿ ಎಲ್ಲರೂ ಏಕಲವ್ಯನನ್ನು ಕರೆತರುತ್ತಾರೆ. ಆದರೆ ಮಣ್ಣಿನ ದ್ರೋಣನು ಒಂದು ದಿನವೂ ಬಾಯಿ ಬಿಟ್ಟು ತಪ್ಪನ್ನು ತಿದ್ದಲಿಲ್ಲ. ನಮ್ಮ ಬೀದಿಯ ದರ್ಜಿಯ ಮಗನೊಬ್ಬನು ನನ್ನ ಹಳೆಯ ವಿದ್ಯಾರ್ಥಿ. ಫೋನಿನಲ್ಲಿ ಕೇಳಿ ಕೇಳಿ ಕೊಳಲು ನುಡಿಸುವುದನ್ನು ಕಲಿತನು. ಊರಿನಲ್ಲಿ ಪಾಠ ಹೇಳುವ ಒಬ್ಬರ ಬಳಿಗೆ ಹೋದರೆ, "ಮೊದಲು ಯಾರ ಹತ್ತಿರ ಅಭ್ಯಾಸವಾಯಿತು?" ಎಂದು ಕೇಳಿ, ಉತ್ತರ ಕೇಳಿದೊಡನೆ ಬೀಳ್ಕೊಟ್ಟರಂತೆ. ಹುಡುಗನು ಮನೆಗೆ ಬಂದು, ಸಿಟ್ಟಿನ ಭರದಲ್ಲಿ ತೋಡಿಯನ್ನೇ ನುಡಿಸಿ ಜಾಲಕ್ಕೇರಿಸಿದನು. ವರಸೆ ಮುಗಿಸದವನಿಗೆ ತೋಡಿ! ಹೊಗಳಿದವರು ಬಹಳ ಮಂದಿ. ಒಬ್ಬರು ಮಾತ್ರ, ಸಮುದ್ರದಾಚೆ ನೆಲಸಿರುವ ಒಬ್ಬ ಗೃಹಿಣಿ, "ಮಗು, ನಿನ್ನ ಗಾಂಧಾರ ಕಂಬದ ಹಾಗೆ ನಿಂತಿದೆ, ತೋಡಿಯಲ್ಲಿ ಅದು ತೂಗಬೇಕು" ಎಂದು ಬರೆದು, ತಾವು ವಿಳಂಬದಲ್ಲಿ ಹಾಡಿ ಕಳುಹಿಸಿದರು. ಇವನು ನುಡಿಸಿ ಕಳುಹಿಸಿದನು. ಅವರು ತಿದ್ದಿ ಕಳುಹಿಸಿದರು. ಹೀಗೆ ಹನ್ನೊಂದು ಸಾರಿ ನಡೆಯಿತೆಂದು ಹುಡುಗನು ನನಗೆ ಲೆಕ್ಕ ಹೇಳಿದನು.

ಹನ್ನೆರಡನೆಯ ಸಾರಿ ಅವರು ಸ್ವರವನ್ನು ಕಳುಹಿಸಲಿಲ್ಲ, ಒಂದು ಕಟ್ಟಳೆಯನ್ನು ಕಳುಹಿಸಿದರು: ಒಂದು ವರ್ಷ ಏನನ್ನೂ ಜಾಲಕ್ಕೇರಿಸಕೂಡದು, ಮಾಯಾಮಾಳವಗೌಳದ ಸರಳೆಯಿಂದ ಮೊದಲುಮಾಡಬೇಕು, ವಾರಕ್ಕೊಮ್ಮೆ ತಮಗೊಬ್ಬರಿಗೆ ಮಾತ್ರ ಕೇಳಿಸಬೇಕು. ಅವನ ತಂದೆ ನನ್ನಲ್ಲಿಗೆ ಬಂದು, "ಮುಖ ನೋಡದವರ ಮಾತು ಕೇಳಿಕೊಂಡು ಕೂಡುವುದೆ, ಸ್ವಾಮಿ? ಇದರಿಂದ ಅನ್ನ ಹುಟ್ಟುತ್ತದೆಯೆ?" ಎಂದು ಕೇಳಿದನು. ಅನ್ನದ ವಿಷಯ ನಾನು ಹೇಳಲಾರೆ, ಕಟ್ಟಳೆ ಮಾತ್ರ ಸರಿಯಾದದ್ದು ಎಂದೆನು. ಈಗ ನಾಲ್ಕು ತಿಂಗಳಾಯಿತು. ಸಂಜೆ ಹೊಲಿಗೆಯ ಯಂತ್ರದ ಸದ್ದು ನಿಂತ ಮೇಲೆ ಅಂಗಡಿಯ ಹಿಂಭಾಗದಿಂದ ಜಂಟಿವರಸೆಗಳು ಕೇಳಿಬರುತ್ತವೆ. ಎರಡನೆಯ ಕಾಲದಲ್ಲಿ ಉಸಿರು ಇನ್ನೂ ಸಾಲದು. ತೋಡಿಯ ಸುದ್ದಿಯನ್ನು ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ.