ಪಾಠವಿಲ್ಲದ ಕಾಲೇಜು

ಟೊರಾಂಟೊಗೆ ಬಂದ ಹೊಸತು, 2015ರ ಜುಲೈ. ಹೆಂಡತಿಗೆ ವಿಪರೀತ ಸುಸ್ತು ಅಂತ ನ್ಯಾಚುರೋಪತಿ ಡಾಕ್ಟ್ರ ಹತ್ರ ಹೋದ್ವಿ. ವಿಟಮಿನ್ ಡ್ರಿಪ್ ಕೇಳಿದ್ದಕ್ಕೆ ಆಕೆ, "ಪರೀಕ್ಷೆ ಪಾಸಾಗೋವರೆಗೂ ನಾನು ಹಾಕೋ ಹಾಗಿಲ್ಲ, ನಮ್ಮ ಕಾಲೇಜಿನ ನಿಯಮ" ಅಂದರು. ಈ ವಯಸ್ಸಲ್ಲೂ ಕಾಲೇಜಾ ಅಂತ ಸಿಡಿಮಿಡಿಗೊಂಡೇ ಮನೆಗೆ ಬಂದೆ.

ಅದು ಪಾಠ ಹೇಳೋ ಕಾಲೇಜಲ್ಲ ಅಂತ ಆಮೇಲೆ ತಿಳೀತು. ಒಂಟಾರಿಯೊದ ಈ ಡಾಕ್ಟ್ರುಗಳು ಆ ತಿಂಗಳ 1ರಂದು 1925ರ ಹಳೇ ಕಾಯ್ದೆಯಿಂದ ಹೊಸ ಕಾಯ್ದೆಗೆ ಬಂದಿದ್ದರು. ಕಾಲೇಜು ಅಂದ್ರೆ ಅವರ ಮೇಲೆ ಕಣ್ಣಿಡೋ ಸಂಸ್ಥೆ. ನಡೆಸೋರು ಅವರದೇ ವೃತ್ತಿಯವರು, ಜೊತೆಗೆ ಸರ್ಕಾರ ನೇಮಿಸಿದ ಸಾರ್ವಜನಿಕರು. ಕೆಲವು ಔಷಧಿ ಬರೆಯೋಕೆ ಒಂದು ಪರೀಕ್ಷೆ, ಡ್ರಿಪ್ ಹಾಕೋಕೆ ಇನ್ನೊಂದು. ಡಾಕ್ಟ್ರ ಹೆಸರು ಪಟ್ಟಿಯಲ್ಲಿದೆಯಾ ಅಂತ ಯಾರು ಬೇಕಾದ್ರೂ ನೋಡಬಹುದು, ದೂರೂ ಕೊಡಬಹುದು.

ನಮ್ಮೂರಲ್ಲಿ ಕಾಮಾಲೆಗೆ ಸೊಪ್ಪಿನ ರಸ ಕುಡಿಸೋ ಅಜ್ಜ ಒಬ್ಬರಿದ್ದರು. ಕೈಗುಣ ಚೆನ್ನಾಗಿದೆ ಅಂತ ಸೋದರಮಾವನನ್ನೂ ಅಲ್ಲಿಗೇ ಕರ್ಕೊಂಡು ಹೋಗಿದ್ವಿ. ಹನ್ನೊಂದನೇ ದಿನ ಮಾವ ತೀರಿಕೊಂಡರು. ರಸದ ತಪ್ಪೋ, ರೋಗವೇ ಕೈಮೀರಿತ್ತೋ, ಕೇಳೋಕೆ ಒಂದು ಜಾಗ ಇರಲಿಲ್ಲ. ಅಜ್ಜ ಕೆಟ್ಟವರಲ್ಲ. "ಇದು ನನ್ನ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಅನ್ನೋದನ್ನ ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

"ನಾನು ಹಾಕೋ ಹಾಗಿಲ್ಲ" ಅಂದ ಆ ಡಾಕ್ಟ್ರ ಹತ್ರವೇ ಮುಂದಿನ ತಿಂಗಳೂ ಹೋದ್ವಿ.