ವಿಟ್ಬಿಯಲ್ಲಿ ಮೀನು, ಆಲೂಗಡ್ಡೆ

ಇಂಗ್ಲೆಂಡಿನ ಮಕ್ಕಳ ಮನೆಗೆ ಹೊರಟಿದ್ದೀರಾ? ಯಾರ್ಕ್‌ಷೈರಿನ ವಿಟ್ಬಿ ಎಂಬ ಕಡಲೂರನ್ನು ನೋಡದೆ ಬರಬೇಡಿ. ಗುಡ್ಡದ ಮೇಲಿನ ಪಾಳು ಕ್ರೈಸ್ತ ಮಠಕ್ಕೆ 199 ಮೆಟ್ಟಿಲು. ಹತ್ತಿ ಇಳಿಯುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಬಂದರಿನ ರಸ್ತೆಬದಿಯ ಅಂಗಡಿಗಳ ಮುಂದೆ ಆಗಲೇ ಉದ್ದನೆಯ ಸಾಲು! ಹಿಟ್ಟಿನಲ್ಲಿ ಅದ್ದಿ ಕರಿದ ಹ್ಯಾಡಕ್ ಮೀನು, ನಮ್ಮ ಬಜ್ಜಿಯ ಹಾಗೇ ಅನ್ನಿ. ಜೊತೆಗೆ ಬೆರಳು ದಪ್ಪದ ಆಲೂಗಡ್ಡೆ ಹೋಳು, ಮೇಲೆ ಉಪ್ಪು, ವಿನಿಗರ್. ಖಾರದ ಆಸೆ ಬಿಡಿ.

ಆದರೆ ಸಾಲಿಗೆ ನಿಲ್ಲುವ ಮುಂಚೆ, ಕರಿಯುವುದು ಯಾವುದರಲ್ಲಿ ಅಂತ ಕೇಳಿಬಿಡಿ. ಆ ಸೀಮೆಯಲ್ಲಿ ಬಹಳ ಕಡೆ ದನದ ಕೊಬ್ಬಿನಲ್ಲೇ ಕರಿಯುವುದು ರೂಢಿ. ಬರೀ ಆಲೂಗಡ್ಡೆ ತಾನೇ ಎಂದು ಸಸ್ಯಾಹಾರಿಗಳೂ ನೆಚ್ಚುವಂತಿಲ್ಲ. ನಾವು ಮೀನು ತಿನ್ನುವವರೇ, ಆದರೂ ಮಗಳು ವಿಚಾರಿಸಿದಳು. ಮೂರನೇ ಅಂಗಡಿಯಲ್ಲಿ ಎಣ್ಣೆಯಲ್ಲಿ ಕರಿದದ್ದು ಸಿಕ್ಕಿತು. ಕೇಳಿದ್ದಕ್ಕೆ ಅವರೇನೂ ಮುಖ ಗಂಟಿಕ್ಕಲಿಲ್ಲ. ಪೊಟ್ಟಣ ಮಾತ್ರ ಸೆರಗಿನಡಿ ಇರಲಿ, ಅಲ್ಲಿನ ಕಡಲಹಕ್ಕಿ ನಮ್ಮ ಕಾಗೆಗಿಂತ ಕಿಲಾಡಿ!